ಪೆರಿಂಚೆಕ್ ವಿರುದ್ಧ ಸ್ವಿಟ್ಜರ್ಲೆಂಡ್: ಜನಾಂಗಹತ್ಯೆಯ ನಿರಾಕರಣೆಗೆ ಕೊಟ್ಟ ಶಿಕ್ಷೆ ಏಕೆ ನಿಲ್ಲಲಿಲ್ಲ

2005ರ ಮೇ 7ರಂದು ಟರ್ಕಿಯ ರಾಜಕಾರಣಿ ದೋವು ಪೆರಿಂಚೆಕ್ ಸ್ವಿಟ್ಜರ್ಲೆಂಡಿನ ಲೌಸಾನ್ ನಗರದಲ್ಲಿ ಪತ್ರಿಕಾಗೋಷ್ಠಿ ನಡೆಸಿ, ಆರ್ಮೇನಿಯನ್ ಜನಾಂಗಹತ್ಯೆ ಎಂಬ ಆರೋಪ ಒಂದು ಅಂತರರಾಷ್ಟ್ರೀಯ ಸುಳ್ಳು ಎಂದರು. ಅದೇ ವರ್ಷ ಜುಲೈ 22ರಂದು ಜ್ಯೂರಿಕ್ ಪ್ರಾಂತ್ಯದ ಓಪ್ಫಿಕನ್‌ನಲ್ಲೂ ಸೆಪ್ಟೆಂಬರ್ 18ರಂದು ಬರ್ನ್ ಬಳಿಯ ಕ್ಯೋನಿಟ್ಸ್‌ನಲ್ಲೂ ಅದೇ ಮಾತು ಆಡಿದರು. ಮೂರು ಸಭೆಗಳ ಈ ಮಾತು ಮೂರು ಸ್ವಿಸ್ ನ್ಯಾಯಾಲಯಗಳನ್ನು ದಾಟಿ, ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಎರಡು ಪೀಠಗಳ ಮುಂದೆ ಹೋಯಿತು. 2015ರ ಅಕ್ಟೋಬರ್ 15ರಂದು 17 ನ್ಯಾಯಾಧೀಶರ ಮಹಾಪೀಠ 10-7ರ ಬಹುಮತದಿಂದ ಅವರನ್ನು ಶಿಕ್ಷಿಸಿ ಸ್ವಿಟ್ಜರ್ಲೆಂಡ್ ತಪ್ಪು ಮಾಡಿತು ಎಂದು ತೀರ್ಪಿತ್ತಿತು.

ಈ ಪ್ರಕರಣದಲ್ಲಿ ಎರಡು ಪ್ರಶ್ನೆಗಳು ಮೊದಲಿನಿಂದಲೂ ಒಂದಕ್ಕೊಂದು ಹೆಣೆದುಕೊಂಡಿದ್ದವು. 1915ರಲ್ಲಿ ನಡೆದದ್ದು ಜನಾಂಗಹತ್ಯೆಯೇ ಎಂಬುದು ಒಂದು. ಅಲ್ಲ ಎಂದವನನ್ನು ಶಿಕ್ಷಿಸಬಹುದೇ ಎಂಬುದು ಇನ್ನೊಂದು. ಸ್ವಿಸ್ ನ್ಯಾಯಾಲಯಗಳು ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದೂ ಮುಗಿದಂತೆ ಎಂದುಕೊಂಡವು. ಪ್ರಕರಣ ಬಿದ್ದದ್ದು ಅಲ್ಲೇ.

1915 ಮತ್ತು ಲೌಸಾನ್

1915ರ ಏಪ್ರಿಲ್ 24ರಂದು ಒಟ್ಟೋಮನ್ ಸರ್ಕಾರ ಇಸ್ತಾಂಬುಲ್‌ನಲ್ಲಿ ಆರ್ಮೇನಿಯನ್ ಸಮುದಾಯದ ಮುಖಂಡರನ್ನೂ ಬರಹಗಾರರನ್ನೂ ಬಂಧಿಸಿತು. ಮೇ 27ರಂದು ಗಡೀಪಾರು ಕಾನೂನು ಬಂತು. ಅನಾತೋಲಿಯಾದ ಊರೂರುಗಳಿಂದ ಆರ್ಮೇನಿಯನ್ನರನ್ನು ಹೊರಡಿಸಿ ಸಿರಿಯಾದ ಮರುಭೂಮಿಯತ್ತ, ದೇರ್ ಎಜ್-ಜೋರ್ ಕಡೆಗೆ ನಡೆಸಿದರು. ದಾರಿಯಲ್ಲಿ ಕೊಲೆ, ಹಸಿವು, ರೋಗ. ಸತ್ತವರ ಅಂದಾಜು ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಹೋಗುತ್ತದೆ. ಯುದ್ಧ ಮುಗಿದ ಮೇಲೆ ಇಸ್ತಾಂಬುಲ್‌ನಲ್ಲೇ ಸೇನಾ ನ್ಯಾಯಾಲಯಗಳು ವಿಚಾರಣೆ ನಡೆಸಿ, ಗಡೀಪಾರಿನ ಹೊಣೆ ಹೊತ್ತ ಗೃಹಮಂತ್ರಿ ತಲಾತ್ ಪಾಶಾನಿಗೆ 1919ರ ಜುಲೈನಲ್ಲಿ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿದವು. ಎಂದರೆ ಈ ಅಪರಾಧದ ಮೊದಲ ವಿಚಾರಣೆ ನಡೆದದ್ದು ಒಟ್ಟೋಮನ್ ರಾಜ್ಯದ ಕೈಯಲ್ಲೇ. ಈಗಿನ ವಾಗ್ವಾದಗಳಲ್ಲಿ ಇದು ಮರೆತೇ ಹೋಗಿರುವುದು ದುಃಖದ ಸಂಗತಿ.

ಜನಾಂಗಹತ್ಯೆ ಎಂಬ ಕಾನೂನು ಪದಕ್ಕೆ ಬರೀ ಸಾವಿನ ಲೆಕ್ಕ ಸಾಲದು. 1948ರ ಡಿಸೆಂಬರ್ 9ರ ವಿಶ್ವಸಂಸ್ಥೆ ಒಡಂಬಡಿಕೆಯ ಪ್ರಕಾರ ಒಂದು ಗುಂಪನ್ನು ಆ ಗುಂಪು ಎಂಬ ಕಾರಣಕ್ಕೇ ಪೂರ್ತಿಯಾಗಿ ಅಥವಾ ಭಾಗಶಃ ನಾಶಮಾಡುವ ಉದ್ದೇಶ ಇರಬೇಕು. ಪೆರಿಂಚೆಕ್ ಬಹುಕಾಲ ನಿಂತದ್ದು ಈ ಸಂದಿಯಲ್ಲಿ. ಸಾವುಗಳಾದದ್ದನ್ನೂ ಗಡೀಪಾರನ್ನೂ ಅವರು ಅಲ್ಲಗಳೆಯಲಿಲ್ಲ. ಉದ್ದೇಶವಿರಲಿಲ್ಲ, ಎರಡೂ ಕಡೆಯವರು ಕೊಂದರು, ಇದೆಲ್ಲ ಸಾಮ್ರಾಜ್ಯಶಾಹಿಗಳು ಕಟ್ಟಿದ ಕಥೆ ಎನ್ನುವುದು ಅವರ ವಾದ. ಇತಿಹಾಸದ ವಿದ್ವತ್ತಿನ ಎದುರು ಈ ವಾದ ನಿಲ್ಲುವುದಿಲ್ಲ. ಆದರೆ ಕೊಲೆಗಳೇ ನಡೆದಿಲ್ಲ ಎನ್ನುವುದಕ್ಕೂ ಕೊಲೆಗಳಿಗೆ ಈ ಹೆಸರು ಸಲ್ಲದು ಎನ್ನುವುದಕ್ಕೂ ಇರುವ ಅಂತರವೇ ಮುಂದೆ ನ್ಯಾಯಾಲಯದಲ್ಲಿ ಮುಖ್ಯವಾಯಿತು.

ಲೌಸಾನನ್ನು ಅವರು ಸುಮ್ಮನೆ ಆರಿಸಿಕೊಂಡದ್ದಲ್ಲ. 1923ರ ಜುಲೈ 24ರಂದು ಇಂದಿನ ಟರ್ಕಿಯ ಗಡಿಗಳನ್ನು ಒಪ್ಪಿದ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲಿ. ಆ ಒಪ್ಪಂದದಲ್ಲಿ ಆರ್ಮೇನಿಯಾದ ಹೆಸರಿಲ್ಲ. ಅದರ ಜೊತೆಗಿದ್ದ ಕ್ಷಮಾದಾನದ ಘೋಷಣೆ 1914ರ ಆಗಸ್ಟ್ 1ರಿಂದ 1922ರ ನವೆಂಬರ್ 20ರವರೆಗಿನ ಕೃತ್ಯಗಳನ್ನು ಮುಚ್ಚಿಹಾಕಿತು. ಟರ್ಕಿಯ ರಾಷ್ಟ್ರವಾದಿಗಳಿಗೆ ಅದು ಗೆಲುವಿನ ಊರು. ಆರ್ಮೇನಿಯನ್ನರಿಗೆ ತಮ್ಮ ಅಹವಾಲು ಹೂತುಹೋದ ಊರು.

ಕಾನೂನು, ದೂರು, ದಂಡ

ಸ್ವಿಸ್ ದಂಡ ಸಂಹಿತೆಯ ಕಲಂ 261 ಬಿಸ್ (ಅಂದರೆ 261ರ ನಂತರ ಸೇರಿಸಿದ ಕಲಂ) ಜನಾಂಗೀಯ ತಾರತಮ್ಯವನ್ನು ತಡೆಯಲು ಬಂದದ್ದು. 1994ರ ಸೆಪ್ಟೆಂಬರ್‌ನಲ್ಲಿ ಜನಮತಗಣನೆಯಲ್ಲಿ ಗೆದ್ದು 1995ರ ಜನವರಿ 1ರಿಂದ ಜಾರಿಗೆ ಬಂತು. ಜನಾಂಗ, ಬುಡಕಟ್ಟು ಅಥವಾ ಧರ್ಮದ ಕಾರಣಕ್ಕೆ ಜನಾಂಗಹತ್ಯೆಯನ್ನಾಗಲಿ ಮಾನವತೆಯ ವಿರುದ್ಧದ ಇತರ ಅಪರಾಧವನ್ನಾಗಲಿ ಬಹಿರಂಗವಾಗಿ ನಿರಾಕರಿಸುವುದು, ತೀರಾ ಕ್ಷುಲ್ಲಕವೆಂಬಂತೆ ಬಿಂಬಿಸುವುದು, ಸಮರ್ಥಿಸಲು ಯತ್ನಿಸುವುದು ಅಪರಾಧ ಎನ್ನುತ್ತಿತ್ತು ಆಗಿನ ಅದರ ನಾಲ್ಕನೇ ಭಾಗ. ಯಾವ ಜನಾಂಗಹತ್ಯೆ ಎಂದು ಹೆಸರಿಸುವುದಿಲ್ಲ, ಯಾವ ನ್ಯಾಯಾಲಯ ಅದನ್ನು ಸ್ಥಾಪಿಸಿರಬೇಕು ಎಂದೂ ಹೇಳುವುದಿಲ್ಲ. ಹೊಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ಜನಾಂಗಹತ್ಯೆಯ ನಿರಾಕರಣೆಯನ್ನು ಶಿಕ್ಷಿಸುವ ಫ್ರಾನ್ಸಿನ 1990ರ ಗೆಸೋ ಕಾನೂನು, ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿಯ ಸನ್ನದನ್ನು ಆಧಾರವಾಗಿ ಹಿಡಿದಿತ್ತು. ಸ್ವಿಸ್ ಕಲಮಿಗೆ ಅಂಥ ಆಸರೆ ಇರಲಿಲ್ಲ. ಆ ಖಾಲಿ ಜಾಗವನ್ನು ತುಂಬುವ ಕೆಲಸ ನ್ಯಾಯಾಧೀಶರ ಹೆಗಲಿಗೆ ಬಿತ್ತು.

ಸ್ವಿಸ್ ನ್ಯಾಯಾಲಯಗಳು ಆ ಕೆಲಸವನ್ನು ಒಂದೇ ರೀತಿ ಮಾಡಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಬರ್ನ್ ಪ್ರಾಂತ್ಯದ ಜಿಲ್ಲಾ ನ್ಯಾಯಾಲಯವೊಂದು ಇದೇ ಆರೋಪದ ಮೇಲಿದ್ದ ಹನ್ನೆರಡು ಟರ್ಕಿ ಮೂಲದವರನ್ನು ಜನಾಂಗೀಯ ಉದ್ದೇಶ ಸಾಬೀತಾಗಲಿಲ್ಲ ಎಂದು ಬಿಡುಗಡೆ ಮಾಡಿತ್ತು. 2003ರ ಡಿಸೆಂಬರ್ 16ರಂದು ಸ್ವಿಸ್ ಸಂಸತ್ತಿನ ಕೆಳಮನೆ 107-67 ಮತಗಳಿಂದ ಆರ್ಮೇನಿಯನ್ ಜನಾಂಗಹತ್ಯೆಯನ್ನು ಅಂಗೀಕರಿಸಿತು. ಒಂದು ದೇಶ, ಎರಡು ವರ್ಷ, ಎರಡು ನಿಲುವು. ಪೆರಿಂಚೆಕ್ ಬಂದದ್ದು ಇದಾದ ಮೇಲೆ.

2005ರ ಜುಲೈ 15ರಂದು ಸ್ವಿಟ್ಜರ್ಲೆಂಡ್-ಆರ್ಮೇನಿಯಾ ಸಂಘ ದೂರು ಕೊಟ್ಟಿತು. 2007ರ ಮಾರ್ಚ್ 9ರಂದು ಲೌಸಾನ್ ಜಿಲ್ಲೆಯ ಪೊಲೀಸ್ ನ್ಯಾಯಾಲಯ ಪೆರಿಂಚೆಕ್ ಅಪರಾಧಿ ಎಂದಿತು. ಶಿಕ್ಷೆಯನ್ನು ಬಿಡಿಸಿ ನೋಡಬೇಕು. ದಿನಕ್ಕೆ 100 ಫ್ರಾಂಕ್‌ನಂತೆ 90 ದಿನಗಳ ದಂಡ, ಅಂದರೆ 9,000 ಫ್ರಾಂಕ್. ಇದನ್ನು ಎರಡು ವರ್ಷ ಅಮಾನತಿನಲ್ಲಿಟ್ಟರು. ತಕ್ಷಣ ಕಟ್ಟಬೇಕಾದ ದಂಡ 3,000 ಫ್ರಾಂಕ್, ಕಟ್ಟದಿದ್ದರೆ 30 ದಿನ ಜೈಲು. ದೂರು ಕೊಟ್ಟ ಸಂಘಕ್ಕೆ ಮಾನಸಿಕ ನೋವಿನ ಪರಿಹಾರ 1,000 ಫ್ರಾಂಕ್. ಕೈಬಿಟ್ಟು ಹೋಗುವ ಹಣ ದೊಡ್ಡದಲ್ಲ. ಆದರೆ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ನಂತರ ಮೊತ್ತಕ್ಕಿಂತ ಶಿಕ್ಷೆಯ ಬಗೆಯನ್ನು ನೋಡಿತು: ಇದು ಸಿವಿಲ್ ಆದೇಶವಲ್ಲ, ಕ್ರಿಮಿನಲ್ ಶಿಕ್ಷೆ.

ಲೌಸಾನ್ ಇರುವ ವೋ ಪ್ರಾಂತ್ಯದ ಮೇಲ್ಮನವಿ ಪೀಠ 2007ರ ಜೂನ್ 13ರಂದು ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾನೂನು ಮಾಡಿದ ಸಂಸತ್ತೇ ಅಂಗೀಕರಿಸಿದೆ, ಇತಿಹಾಸಕಾರರನ್ನು ಕರೆಸುವ ಅಗತ್ಯವಿಲ್ಲ ಎಂಬುದು ಅದರ ದಾರಿ. ಡಿಸೆಂಬರ್ 12ರಂದು ಫೆಡರಲ್ ಕೋರ್ಟ್ ತರ್ಕವನ್ನು ತುಸು ತಿದ್ದಿತು. ಸಂಸತ್ತಿನ ಮತ ನಿರ್ಣಾಯಕವಲ್ಲ; ಜನಾಂಗಹತ್ಯೆ ಎಂಬ ಬಗ್ಗೆ ಸಮಾಜದಲ್ಲೂ ವಿದ್ವಾಂಸರಲ್ಲೂ ವ್ಯಾಪಕ ಒಮ್ಮತವಿದೆ, ಹೊಲೊಕಾಸ್ಟ್‌ನಂತೆ ಇದನ್ನೂ ಸಾಬೀತಾದದ್ದೆಂದು ಹಿಡಿಯಬಹುದು ಎಂದಿತು. ತಲಾತ್ ಪಾಶಾನ ಜೊತೆ ತನ್ನನ್ನು ಗುರುತಿಸಿಕೊಂಡ ಆರೋಪಿಯ ಉದ್ದೇಶದಲ್ಲಿ ಜನಾಂಗೀಯತೆಯೂ ರಾಷ್ಟ್ರವಾದವೂ ಇವೆ ಎಂದಿತು. ಓದುವಾಗ ಒಪ್ಪಬೇಕೆನ್ನಿಸುವ ತೀರ್ಪು ಅದು. ಆದರೆ ಆ ಮಾತು ಸ್ವಿಟ್ಜರ್ಲೆಂಡಿನಲ್ಲಿ ಯಾರ ಮೇಲೆ ದ್ವೇಷ ಎಬ್ಬಿಸಿತು, ಯಾವ ಅಪಾಯ ತಂದಿತು ಎಂಬುದಕ್ಕೆ ಅದರಲ್ಲಿ ಗಟ್ಟಿಯಾದ ಉತ್ತರವಿಲ್ಲ.

ಸ್ಟ್ರಾಸ್‌ಬರ್ಗ್ ತೂಗಿದ ಬಗೆ

ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 10ನೇ ವಿಧಿಯ ಪ್ರಕಾರ ಮಾತಿಗೆ ಹಾಕಿದ ಯಾವುದೇ ನಿರ್ಬಂಧ ಮೂರು ಮೆಟ್ಟಿಲು ಹತ್ತಬೇಕು. ಅದು ಕಾನೂನಿನಲ್ಲಿ ಇರಬೇಕು, ವಿಧಿಯೇ ಪಟ್ಟಿ ಮಾಡಿದ ಉದ್ದೇಶಗಳಲ್ಲಿ ಒಂದಕ್ಕಾದರೂ ಸಲ್ಲಬೇಕು, ಪ್ರಜಾಸತ್ತಾತ್ಮಕ ಸಮಾಜದಲ್ಲಿ ಅಗತ್ಯವಾಗಿರಬೇಕು.

ಮೊದಲ ಮೆಟ್ಟಿಲನ್ನು ಸ್ವಿಟ್ಜರ್ಲೆಂಡ್ ಹತ್ತಿತು. 2001ರ ಬಿಡುಗಡೆಯ ತೀರ್ಪಿದ್ದರೂ ಕೆಳಮನೆಯ ಮತವನ್ನೆಲ್ಲ ತಿಳಿದ ಕಾನೂನು ಪದವೀಧರ ಪೆರಿಂಚೆಕ್ ಶಿಕ್ಷೆಯನ್ನು ಊಹಿಸಬಹುದಿತ್ತು ಎಂದಿತು ಮಹಾಪೀಠ. ಎರಡನೆಯದರಲ್ಲಿ ಅರ್ಧ ಜಾರಿತು. ಸಾರ್ವಜನಿಕ ಶಾಂತಿಯನ್ನು ಕಾಪಾಡಲು ಎಂದು ಸರ್ಕಾರ ವಾದಿಸಿತ್ತು. ಗಲಭೆಯ ನಿಜವಾದ ಅಪಾಯವಿತ್ತು ಎಂದು ಸ್ವಿಸ್ ನ್ಯಾಯಾಲಯಗಳು ಎಲ್ಲೂ ದಾಖಲಿಸಿರಲಿಲ್ಲವಾದ್ದರಿಂದ ಅದು ಬಿತ್ತು. ಉಳಿದದ್ದು ಇತರರ ಹಕ್ಕುಗಳ ರಕ್ಷಣೆ, ಅಂದರೆ ಸತ್ತವರ ಮತ್ತು ಅವರ ವಂಶಜರ ಘನತೆ. ಆರ್ಮೇನಿಯನ್ನರು ಈ ನೆನಪಿನ ಸುತ್ತಲೇ ತಮ್ಮ ಗುರುತನ್ನು ಕಟ್ಟಿಕೊಂಡಿದ್ದಾರೆ ಎಂಬುದನ್ನು ಪೀಠ ಪೂರ್ತಿ ಗೌರವದಿಂದ ಒಪ್ಪಿತು.

ನಿಜವಾದ ತೂಕ ನಡೆದದ್ದು ಮೂರನೆಯ ಮೆಟ್ಟಿಲಿನಲ್ಲಿ. ಪೆರಿಂಚೆಕ್ ಬೈದದ್ದು ಸಾಮ್ರಾಜ್ಯಶಾಹಿಗಳನ್ನು. ಆರ್ಮೇನಿಯನ್ನರನ್ನು ಸುಳ್ಳುಗಾರರೆಂದು ಕರೆದಿರಲಿಲ್ಲ, ಅವರ ಮೇಲೆ ದ್ವೇಷಕ್ಕೆ ಕರೆ ಕೊಟ್ಟಿರಲಿಲ್ಲ. ಸಾರ್ವಜನಿಕ ಮಹತ್ವದ ವಿಷಯದ ಮೇಲೆ ರಾಜಕಾರಣಿ ಆಡಿದ ಮಾತಿಗೆ ರಕ್ಷಣೆ ಹೆಚ್ಚು. ಸಭೆಗಳು ಮೂರೇ, ಪರಿಣಾಮ ಸೀಮಿತ. ಇಂಥ ಮಾತನ್ನು ಅಪರಾಧವಾಗಿಸಲೇಬೇಕೆಂಬ ಅಂತರರಾಷ್ಟ್ರೀಯ ಕಟ್ಟುಪಾಡು ಸ್ವಿಟ್ಜರ್ಲೆಂಡಿಗೆ ಇರಲಿಲ್ಲ. ಆತ ಕಾನೂನಿನ ಹೆಸರನ್ನು ಒಪ್ಪದ್ದಕ್ಕೆ ಶಿಕ್ಷೆಯೋ, ದೇಶದಲ್ಲಿ ನೆಲೆನಿಂತ ಅಭಿಪ್ರಾಯಕ್ಕೆ ಎದುರು ಮಾತಾಡಿದ್ದಕ್ಕೆ ಶಿಕ್ಷೆಯೋ ಎಂಬುದನ್ನು ಕೆಳಗಿನ ತೀರ್ಪುಗಳು ಬಿಡಿಸಿ ಹೇಳಿರಲಿಲ್ಲ. ನಮ್ಮ ಎಣಿಕೆಯಲ್ಲಿ ಇದೇ ಅತಿ ದೊಡ್ಡ ಲೋಪ. ಒಂದು ಅಭಿಪ್ರಾಯ ಬಹುಮತದ್ದಲ್ಲ ಎಂಬ ಕಾರಣಕ್ಕೆ ಶಿಕ್ಷಿಸಿದಂತೆ ಕಂಡರೆ ಆ ಶಿಕ್ಷೆ ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ 10ನೇ ವಿಧಿಯ ಮುಂದೆ ನಿಲ್ಲದು.

ಹೊಲೊಕಾಸ್ಟ್ ನಿರಾಕರಣೆಗೆ ಶಿಕ್ಷೆ ಕೊಡಬಹುದಾದರೆ ಇದಕ್ಕೇಕೆ ಬೇಡ? ಹೊಲೊಕಾಸ್ಟ್ ನಿರಾಕರಿಸಿ ಶಿಕ್ಷೆಗೊಳಗಾದ ರೊಜೆ ಗಾರೋದಿ ಎಂಬ ಫ್ರೆಂಚ್ ಲೇಖಕನ ಅರ್ಜಿಯನ್ನು 2003ರಲ್ಲಿ ಇದೇ ನ್ಯಾಯಾಲಯ ವಿಚಾರಣೆಗೂ ತೆಗೆದುಕೊಳ್ಳದೆ ತಳ್ಳಿಹಾಕಿತ್ತು. ಜರ್ಮನಿಯಲ್ಲಿ ಈ ಅಪರಾಧಕ್ಕೆ ಐದು ವರ್ಷದವರೆಗೆ ಜೈಲಿದೆ. ಮಹಾಪೀಠದ ಉತ್ತರ: ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಹೊಲೊಕಾಸ್ಟ್ ನಿರಾಕರಣೆ ಇತಿಹಾಸದ ಚರ್ಚೆಯ ವೇಷ ತೊಟ್ಟಾಗಲೂ ಅದು ಯಹೂದಿದ್ವೇಷವನ್ನೂ ಪ್ರಜಾಪ್ರಭುತ್ವ ವಿರೋಧವನ್ನೂ ಹೊತ್ತೇ ಬರುತ್ತದೆ, ನಾಜಿ ದೌರ್ಜನ್ಯ ಕಂಡ ಆ ದೇಶಗಳಿಗೆ ವಿಶೇಷ ಹೊಣೆಯಿದೆ. 1915ರ ಘಟನೆಗಳೊಂದಿಗೆ ಸ್ವಿಟ್ಜರ್ಲೆಂಡಿಗೆ ನೇರ ನಂಟಿಲ್ಲ, ತೊಂಬತ್ತು ವರ್ಷ ಕಳೆದಿವೆ.

ತೀರ್ಪಿನ ದುರ್ಬಲ ಜಾಗವೂ ಇದೇ. ಭಿನ್ನಮತದ ಏಳು ಮಂದಿ, ಅವರಲ್ಲಿ ನ್ಯಾಯಾಲಯದ ಅಧ್ಯಕ್ಷ ಡೀನ್ ಸ್ಪಿಲ್ಮನ್ ಕೂಡ ಒಬ್ಬರು, ಆರ್ಮೇನಿಯನ್ನರ ಮೇಲೆ ನಡೆದದ್ದು ಜನಾಂಗಹತ್ಯೆ ಎಂಬುದು ಸ್ವಯಂಸಿದ್ಧ ಎಂದು ನೇರವಾಗಿ ಬರೆದರು. ಮಾನವ ಹಕ್ಕಿನ ಬೆಲೆ ಭೂಪಟದ ದೂರದ ಜೊತೆ ಇಳಿಯಬಾರದು ಎಂದು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದು. ವಂಶಜರು ಎಲ್ಲಿ ಬದುಕಿದ್ದಾರೋ ನೋವು ಅಲ್ಲೇ ಇರುತ್ತದೆ, ಮತ್ತು ಅವರು ಜಿನೀವಾದಲ್ಲೂ ಬದುಕಿದ್ದಾರೆ. ಆದರೆ ನೋವು ನಿಜ ಎಂಬುದರಿಂದ ಜೈಲಿನ ಬೆದರಿಕೆ ಸರಿ ಎಂದಾಗುವುದಿಲ್ಲ. ಬಹುಮತ ಭೂಗೋಳವನ್ನು ಬದಿಗಿಟ್ಟು ಈ ಒಂದು ಕಾರಣದ ಮೇಲೇ ನಿಂತಿದ್ದರೆ ತೀರ್ಪು ಇನ್ನೂ ಗಟ್ಟಿಯಾಗಿರುತ್ತಿತ್ತು.

ಈ ತೀರ್ಪನ್ನು ಜನಾಂಗಹತ್ಯೆ ನಡೆದಿಲ್ಲ ಎಂದು ಯುರೋಪಿಯನ್ ನ್ಯಾಯಾಲಯ ಹೇಳಿತು ಎಂದು ಓದುವವರಿದ್ದಾರೆ. ಅದು ತಪ್ಪು ಓದು. 1915ರ ಘಟನೆಗಳಿಗೆ ಯಾವ ಹೆಸರು ಸಲ್ಲುತ್ತದೆಂದು ನಿರ್ಧರಿಸುವ ಅಗತ್ಯವೂ ಅಧಿಕಾರವೂ ತನಗಿಲ್ಲ ಎಂದು ಮಹಾಪೀಠ ಸ್ಪಷ್ಟವಾಗಿ ಬರೆದಿದೆ. ಹಣ ಕೇಳಿದ್ದ ಪೆರಿಂಚೆಕ್‌ಗೆ ಅದು ಒಂದು ಯೂರೋ ಪರಿಹಾರವನ್ನೂ ಕೊಡಲಿಲ್ಲ. ಉಲ್ಲಂಘನೆ ಆಗಿದೆ ಎಂದು ಹೇಳಿದ್ದೇ ಸಾಕು ಎಂದಿತು.

ಗಡಿಯ ಆಚೆ, ಅದೇ ವರ್ಷ

ಈ ಪ್ರಕರಣವನ್ನು ಒಂಟಿಯಾಗಿ ಓದಿದರೆ ನಿರಾಕರಿಸುವವನೇ ವಾಕ್ ಸ್ವಾತಂತ್ರ್ಯದ ನಾಯಕನಂತೆ ಕಾಣುತ್ತಾನೆ. ಹಾಗಾಗಬಾರದು. ಪೆರಿಂಚೆಕ್ ಲೌಸಾನಿಗೆ ಬರುವ ಮೂರು ತಿಂಗಳ ಹಿಂದೆ, 2005ರ ಫೆಬ್ರುವರಿಯಲ್ಲಿ, ಸ್ವಿಸ್ ಪತ್ರಿಕೆಯೊಂದಕ್ಕೇ ಕೊಟ್ಟ ಸಂದರ್ಶನದಲ್ಲಿ ಕಾದಂಬರಿಕಾರ ಒರ್ಹಾನ್ ಪಾಮುಕ್ ಈ ನೆಲದಲ್ಲಿ ಮೂವತ್ತು ಸಾವಿರ ಕುರ್ದರೂ ಹತ್ತು ಲಕ್ಷ ಆರ್ಮೇನಿಯನ್ನರೂ ಕೊಲ್ಲಲ್ಪಟ್ಟರು ಎಂದಿದ್ದರು. ಟರ್ಕಿಯಲ್ಲಿ ಅವರ ಮೇಲೆ ದಂಡ ಸಂಹಿತೆಯ ಕಲಂ 301ರ ಅಡಿ, ಟರ್ಕಿತನವನ್ನು ಅವಮಾನಿಸಿದ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು. 2006ರ ಜನವರಿಯಲ್ಲಿ ಅದನ್ನು ಕೈಬಿಡಲಾಯಿತು. ಅದೇ ಕಲಂ ಅಷ್ಟು ಸುಲಭವಾಗಿ ಎಲ್ಲರನ್ನೂ ಬಿಡಲಿಲ್ಲ.

ಇಸ್ತಾಂಬುಲ್‌ನಲ್ಲಿ ಟರ್ಕಿಶ್ ಮತ್ತು ಆರ್ಮೇನಿಯನ್ ಭಾಷೆಗಳಲ್ಲಿ ಬರುತ್ತಿದ್ದ ಆಗೋಸ್ ವಾರಪತ್ರಿಕೆಯ ಸಂಪಾದಕ ಹ್ರಾಂಟ್ ದಿಂಕ್, ಆರ್ಮೇನಿಯನ್ನರ ಗುರುತಿನ ಬಗ್ಗೆ ಎಂಟು ಲೇಖನಗಳ ಮಾಲೆ ಬರೆದಿದ್ದರು. ತುರ್ಕನ ಮೇಲಿನ ಗೀಳು ಆರ್ಮೇನಿಯನ್ನರ ರಕ್ತಕ್ಕೆ ಸೇರಿದ ವಿಷ, ಅದನ್ನು ಕಳೆದುಕೊಳ್ಳಬೇಕು ಎಂಬುದು ಅವರು ತಮ್ಮವರಿಗೇ ಹೇಳಿದ ಬುದ್ಧಿಮಾತು. ಅದನ್ನು ತುರ್ಕರ ರಕ್ತವೇ ವಿಷ ಎಂದು ತಿರುಚಿ ಓದಿದರು. ನ್ಯಾಯಾಲಯವೇ ನೇಮಿಸಿದ ತಜ್ಞರು ಇಡೀ ಮಾಲೆಯನ್ನು ಓದಿ ಇಲ್ಲಿ ಅವಮಾನವಿಲ್ಲ ಎಂದು ವರದಿ ಕೊಟ್ಟರೂ 2005ರ ಅಕ್ಟೋಬರ್ 7ರಂದು ಆರು ತಿಂಗಳ ಅಮಾನತು ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. ದೇಶದ್ರೋಹಿ ಎಂಬ ಮುದ್ರೆ ಬಿತ್ತು. 2007ರ ಜನವರಿ 19ರಂದು ತಮ್ಮ ಕಚೇರಿಯ ಹೊರಗೆ ದಿಂಕ್ ಗುಂಡೇಟಿಗೆ ಬಲಿಯಾದರು. ಲೌಸಾನಿನಲ್ಲಿ ಪೆರಿಂಚೆಕ್‌ಗೆ ಶಿಕ್ಷೆಯಾದದ್ದು ಅದಾದ ಸರಿಯಾಗಿ ಏಳು ವಾರಕ್ಕೆ.

ಸ್ವಿಸ್ ಸರ್ಕಾರದ ಪರ ವಾದಿಸಿದವರು ಈ ಕೊಲೆಯತ್ತ ಬೊಟ್ಟು ಮಾಡಿದ್ದು ಸಹಜ. ಟರ್ಕಿಯ ಮಾನವ ಹಕ್ಕುಗಳ ಸಂಘ ಸ್ಟ್ರಾಸ್‌ಬರ್ಗಿಗೆ ಸಲ್ಲಿಸಿದ ಹೇಳಿಕೆಯಲ್ಲೂ ನಿರಾಕರಣೆ ಟರ್ಕಿಯ ಆರ್ಮೇನಿಯನ್ನರ ಮೇಲೆ ಹಗೆ ಬೆಳೆಸುತ್ತದೆ ಎಂದು ಎಚ್ಚರಿಸಿತ್ತು. ಟರ್ಕಿಯ ಉಗ್ರ ರಾಷ್ಟ್ರವಾದಿಗಳಲ್ಲಿ ಹಗೆ ಇದೆ ಎಂಬುದನ್ನು ಮಹಾಪೀಠವೂ ದಿಂಕ್ ಕೊಲೆಯನ್ನೇ ಹೆಸರಿಸಿ ಒಪ್ಪಿತು. ಆದರೆ ಆ ಕೊಲೆ ಸ್ವಿಟ್ಜರ್ಲೆಂಡಿನ ಮೂರು ಭಾಷಣಗಳ ಫಲ ಎನ್ನಲಾಗದು ಎಂದಿತು. ಕೊಂದ ಕೈಗೂ ಆ ಭಾಷಣಕ್ಕೂ ನಡುವೆ ಕೊಂಡಿ ಯಾವ ಕಡತದಲ್ಲೂ ಇರಲಿಲ್ಲ.

ದಿಂಕ್ ಅವರೇ ಇಂಥ ಕಾನೂನುಗಳನ್ನು ಒಪ್ಪಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 2006ರ ಅಕ್ಟೋಬರ್ 12ರಂದು, ಪಾಮುಕ್‌ಗೆ ನೊಬೆಲ್ ಘೋಷಣೆಯಾದ ದಿನವೇ, ಫ್ರಾನ್ಸಿನ ಕೆಳಮನೆ ಆರ್ಮೇನಿಯನ್ ಜನಾಂಗಹತ್ಯೆಯ ನಿರಾಕರಣೆಯನ್ನು ಅಪರಾಧವಾಗಿಸುವ ಮಸೂದೆಯನ್ನು 106-19ರಿಂದ ಅಂಗೀಕರಿಸಿತು. ಅದು ಕಾನೂನಾದರೆ ತಾನು ಫ್ರಾನ್ಸಿಗೆ ಹೋಗಿ, ತನ್ನ ನಂಬಿಕೆಗೆ ವಿರುದ್ಧವಾಗಿಯೇ ನಿರಾಕರಣೆಯ ಮಾತಾಡಿ ಆ ಕಾನೂನನ್ನೂ ಮುರಿಯುತ್ತೇನೆ ಎಂದರು ದಿಂಕ್. ಅಂಕಾರದ ಕಾನೂನು ಸತ್ಯ ಹೇಳಿದ್ದಕ್ಕೆ ಶಿಕ್ಷಿಸುತ್ತಿತ್ತು, ಪ್ಯಾರಿಸ್ಸಿನದು ಸುಳ್ಳು ಹೇಳಿದ್ದಕ್ಕೆ ಶಿಕ್ಷಿಸಲು ಹೊರಟಿತ್ತು. ಎರಡರಲ್ಲೂ ಇತಿಹಾಸದ ಮಾತನ್ನು ಪೊಲೀಸರ ಕೈಗೆ ಕೊಡಲಾಗುತ್ತಿದೆ ಎಂದು ಅವರಿಗೆ ಕಂಡಿತು. ಆ ಮಾತಿಗೆ ಬೇರೆ ಯಾರಿಗಿಂತಲೂ ಹೆಚ್ಚಿನ ಹಕ್ಕು ಅವರಿಗಿತ್ತು.

ಆ ಮಸೂದೆ ಮುಂದೆ ಸಾಗಲಿಲ್ಲ. ಇನ್ನೊಂದು ಮಸೂದೆ, ಒಂದು ವರ್ಷ ಜೈಲು ಮತ್ತು 45,000 ಯೂರೋ ದಂಡದೊಂದಿಗೆ, 2012ರ ಜನವರಿ 23ರಂದು ಫ್ರೆಂಚ್ ಸೆನೆಟ್ ದಾಟಿತು. ಫೆಬ್ರುವರಿ 28ರಂದು ಸಂವಿಧಾನ ಮಂಡಳಿ ಅದನ್ನು ರದ್ದುಮಾಡಿತು. ಶಾಸಕಾಂಗ ತಾನೇ ಗುರುತಿಸಿ, ತಾನೇ ಅಪರಾಧ ಎಂದು ಹೆಸರಿಟ್ಟದ್ದನ್ನು ಯಾರೂ ಪ್ರಶ್ನಿಸದಂತೆ ಶಿಕ್ಷೆ ಇಡುವುದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಕಾರಣ. 2001ರ ಜನವರಿ 29ರ ಒಂದೇ ವಾಕ್ಯದ ಕಾನೂನು, 1915ರ ಆರ್ಮೇನಿಯನ್ ಜನಾಂಗಹತ್ಯೆಯನ್ನು ಫ್ರಾನ್ಸ್ ಬಹಿರಂಗವಾಗಿ ಅಂಗೀಕರಿಸುತ್ತದೆ ಎನ್ನುವುದು, ಹಾಗೇ ಉಳಿದಿದೆ. ಅಂಗೀಕಾರ ಉಳಿಯಿತು, ಶಿಕ್ಷೆ ಬಿತ್ತು. ನಮಗೆ ಇದೇ ಸರಿಯಾದ ಹಂಚಿಕೆ ಎನ್ನಿಸುತ್ತದೆ.

ಕಡತದಲ್ಲಿ ಏನಿರಬೇಕಿತ್ತು

ಇಂಥ ಪ್ರಕರಣ ನಡೆಸುವವರು ಇತಿಹಾಸದ ಪುಸ್ತಕಗಳನ್ನು ಗುಡ್ಡೆಹಾಕುವುದರಲ್ಲೇ ಶಕ್ತಿ ಕಳೆಯುತ್ತಾರೆ. ಮಹಾಪೀಠದ ತೂಗುವಿಕೆಯನ್ನು ಮುಂದಿಟ್ಟುಕೊಂಡರೆ ಬೇಕಾದದ್ದು ಬೇರೆ. ಭಾಷಣದ ಪೂರ್ತಿ ಪಠ್ಯ ಬೇಕು, ಆಯ್ದ ವಾಕ್ಯವಲ್ಲ. ಬೈಗುಳ ಯಾರತ್ತ ತಿರುಗಿದೆ ಎಂಬುದು ಸರ್ವನಾಮಗಳಲ್ಲಿ ತಿಳಿಯುತ್ತದೆ. ಸಭೆಗೆ ಬಂದವರು ಯಾರು, ಎಷ್ಟು, ಹೊರಗೆ ಪ್ರತಿಭಟನೆ ಇತ್ತೇ, ಪೊಲೀಸರು ಆ ದಿನ ಏನು ಬರೆದುಕೊಂಡರು ಎಂಬುದು ಬೇಕು. ಆ ಊರಿನ ಸಮುದಾಯದ ಮೇಲೆ ಬೆದರಿಕೆ, ಹಲ್ಲೆ, ಸ್ಮಾರಕಕ್ಕೆ ಹಾನಿ ನಡೆದಿದ್ದರೆ ಭಾಷಣಕ್ಕೂ ಅದಕ್ಕೂ ಇರುವ ನಂಟನ್ನು ದಿನಾಂಕ ಸಹಿತ ತೋರಿಸಬೇಕು. ತೀರ್ಪು ಬರೆಯುವವರು ಆರೋಪಿ ನಿರಾಕರಿಸಿದ್ದು ಘಟನೆಯನ್ನೋ ಅದರ ಹೆಸರನ್ನೋ ಎಂದು ಒಂದು ವಾಕ್ಯದಲ್ಲಾದರೂ ಬೇರ್ಪಡಿಸಬೇಕು. 2008ರ ನವೆಂಬರ್ 28ರ ಯುರೋಪಿಯನ್ ಒಕ್ಕೂಟದ ನಿರ್ಣಯ ಕೂಡ ಹಿಂಸೆ ಅಥವಾ ದ್ವೇಷಕ್ಕೆ ಪ್ರಚೋದಿಸುವಂತಿದ್ದ ನಿರಾಕರಣೆಯನ್ನಷ್ಟೇ ಶಿಕ್ಷಿಸಲು ಸದಸ್ಯ ದೇಶಗಳನ್ನು ಕೇಳುತ್ತದೆ. ಸ್ವಿಟ್ಜರ್ಲೆಂಡ್ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ, ಆದರೂ ಅಳತೆಗೋಲು ಅದೇ.

ಪೆರಿಂಚೆಕ್ ಕಡತದಲ್ಲಿ ಇದ್ಯಾವುದೂ ಗಟ್ಟಿಯಾಗಿರಲಿಲ್ಲ. 2016ರ ಆಗಸ್ಟ್ 25ರಂದು ಸ್ವಿಸ್ ಫೆಡರಲ್ ಕೋರ್ಟ್ ತನ್ನ 2007ರ ತೀರ್ಪನ್ನು ತಾನೇ ರದ್ದುಮಾಡಿತು. 2007ರಲ್ಲಿ ವಿಂಟರ್‌ಥೂರ್‌ನಲ್ಲಿ ಆಡಿದ ಅದೇ ಅಂತರರಾಷ್ಟ್ರೀಯ ಸುಳ್ಳು ಎಂಬ ಮಾತಿಗಾಗಿ ಶಿಕ್ಷೆಗೊಳಗಾಗಿದ್ದ ಇನ್ನೂ ಮೂವರ ಪರವಾಗಿ 2017ರ ನವೆಂಬರ್ 28ರಂದು ಸ್ಟ್ರಾಸ್‌ಬರ್ಗ್ ಇದೇ ತೀರ್ಮಾನಕ್ಕೆ ಬಂತು. ಕಲಂ 261 ಬಿಸ್ ಇಂದಿಗೂ ಸಂಹಿತೆಯಲ್ಲಿದೆ.

ಟರ್ಕಿಯ ಕಲಂ 301 ಕೂಡ ಇದೆ. 2008ರ ತಿದ್ದುಪಡಿಯಲ್ಲಿ ಟರ್ಕಿತನ ಎಂಬ ಪದ ಹೋಗಿ ಟರ್ಕಿಶ್ ರಾಷ್ಟ್ರ ಎಂದಾಯಿತು, ಗರಿಷ್ಠ ಶಿಕ್ಷೆ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು, ಮೊಕದ್ದಮೆಗೆ ನ್ಯಾಯಮಂತ್ರಿಯ ಅನುಮತಿ ಬೇಕಾಯಿತು. ಅನುಮತಿ ಇಂದಿನ ಮಂತ್ರಿ ಕೊಡದಿದ್ದರೂ ನಾಳಿನವರು ಕೊಡಬಹುದು, ಹಾಗಾಗಿ ಕಲಂ ಅಳತೆಮೀರಿ ಅಸ್ಪಷ್ಟ ಎಂದು ಇತಿಹಾಸಕಾರ ತಾನೆರ್ ಅಕ್ಚಾಮ್ ಹೂಡಿದ ದಾವೆಯಲ್ಲಿ ಸ್ಟ್ರಾಸ್‌ಬರ್ಗ್ 2011ರ ಅಕ್ಟೋಬರ್ 25ರಂದು ಹೇಳಿತು. ಅದಕ್ಕೂ ಮುಂಚೆ, 2010ರ ಸೆಪ್ಟೆಂಬರ್ 14ರಂದು, ದಿಂಕ್ ಅವರ ಜೀವವನ್ನೂ ಮಾತನ್ನೂ ಟರ್ಕಿ ಕಾಪಾಡಲಿಲ್ಲ, ಕೊಲೆಯ ಸಂಚಿನ ಸುಳಿವು ಭದ್ರತಾ ಪಡೆಗಳಿಗೆ ಮೊದಲೇ ಸಿಕ್ಕಿತ್ತು ಎಂದು ತೀರ್ಪಿತ್ತು, ಅವರ ಹೆಂಡತಿ ಮಕ್ಕಳಿಗೆ ಒಂದು ಲಕ್ಷ ಯೂರೋ ಕೊಡಲು ಆದೇಶಿಸಿತು.